ಹೂವಿನ ಬಣ್ಣದ ಬೆನ್ನು ಹತ್ತಿದ ಸರ್ ಸಿ.ವಿ. ರಾಮನ್: ನೊಬೆಲ್ ನಂತರದ ಏಕಾಂಗಿ ಹೋರಾಟ

ಫೆಬ್ರವರಿ 28 ಬಂತೆಂದರೆ ದೇಶದ ಶಾಲೆ, ಕಾಲೇಜುಗಳಲ್ಲಿ ಸರ್ ಸಿ.ವಿ. ರಾಮನ್ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. 1928ರ ಆ ದಿನ ಬೆಳಕಿನ ಚದುರುವಿಕೆಯ ಹೊಸ ಪರಿಣಾಮವನ್ನು ಅವರು ಕಂಡುಹಿಡಿದರು, 1930ರಲ್ಲಿ ನೊಬೆಲ್ ಬಂತು ಎಂಬುದು ಮಕ್ಕಳಿಗೂ ಗೊತ್ತು. ಆದರೆ ಬೆಂಗಳೂರಿನಲ್ಲಿ ತಮ್ಮ ಬದುಕಿನ ಕೊನೆಯ ಹತ್ತು ವರ್ಷ ಈ ವಿಜ್ಞಾನಿ ಏನು ಮಾಡುತ್ತಿದ್ದರು ಎಂಬುದು ಎಷ್ಟು ಜನರಿಗೆ ಗೊತ್ತು?

ಅವರು ಹೂಗಳನ್ನು ನೋಡುತ್ತಿದ್ದರು. ಹೂಗಳನ್ನು ನೋಡುವ ಕಣ್ಣನ್ನೂ, ಕಣ್ಣು ಕಳಿಸಿದ್ದನ್ನು ಬಣ್ಣವೆಂದು ಗುರುತಿಸುವ ಮನಸ್ಸನ್ನೂ ಅರ್ಥಮಾಡಿಕೊಳ್ಳಲು ಹೊರಟಿದ್ದರು. ಆ ಹಾದಿಯಲ್ಲಿ ಅವರ ಜೊತೆ ಬಂದವರು ಬಹಳ ಕಡಿಮೆ.

ವೀಣೆ, ಮೃದಂಗದಿಂದ ಶುರುವಾದ ಕುತೂಹಲ

ಚಂದ್ರಶೇಖರ ವೆಂಕಟ ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿ ಬಳಿಯ ತಿರುವಾನೈಕಾವಲ್‌ನಲ್ಲಿ. ತಂದೆ ಚಂದ್ರಶೇಖರ ಅಯ್ಯರ್ ಉಪನ್ಯಾಸಕರು, ತಾಯಿ ಪಾರ್ವತಿ ಅಮ್ಮಾಳ್. ತಂದೆಯ ಕೆಲಸದ ಕಾರಣ ಬಾಲ್ಯ ಕಳೆದದ್ದು ವಿಶಾಖಪಟ್ಟಣದಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿಎ, 1907ರಲ್ಲಿ ಎಂಎ ಮುಗಿಸಿದರು. ಓದುತ್ತಿರುವಾಗಲೇ, 18ನೇ ವಯಸ್ಸಿನಲ್ಲಿ, ಬೆಳಕಿನ ಮೇಲಿನ ಅವರ ಮೊದಲ ಪ್ರಬಂಧ ಇಂಗ್ಲೆಂಡಿನ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು.

ಆ ದಿನಗಳಲ್ಲಿ ಅವರ ಕೈಗೆ ಸಿಕ್ಕಿದ್ದು ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಬರೆದ, ಸ್ವರಗಳ ಸಂವೇದನೆ ಕುರಿತ ದೊಡ್ಡ ಗ್ರಂಥ. ತಂತಿ ಮಿಡಿದಾಗ ಗಾಳಿಯಲ್ಲಿ ಏಳುವ ಕಂಪನ ಕಿವಿಯೊಳಗೆ ಹೋಗಿ ಸಂಗೀತವಾಗುವುದು ಹೇಗೆ ಎಂಬುದು ಆ ಪುಸ್ತಕದ ವಿಷಯ. ತಮ್ಮನ್ನು ರೂಪಿಸಿದ ಪುಸ್ತಕಗಳಲ್ಲಿ ಇದೂ ಒಂದು ಎಂದು ರಾಮನ್ ಕೊನೆಯವರೆಗೂ ನೆನೆಯುತ್ತಿದ್ದರು. 1907ರಲ್ಲಿ ಅವರು ಕೈಹಿಡಿದ ಲೋಕಸುಂದರಿ ಅವರು ವೀಣೆ ನುಡಿಸುತ್ತಿದ್ದರು.

ಅದೇ ವರ್ಷ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತಾಗೆ ಹೋದರು. ಕಚೇರಿಯ ಮುಂಚೆ, ಕಚೇರಿಯ ನಂತರ ಬೌಬಜಾರ್ ಬೀದಿಯ ಇಂಡಿಯನ್ ಅಸೋಸಿಯೇಷನ್ ಪ್ರಯೋಗಾಲಯದಲ್ಲಿ ಕೆಲಸ. ಪಿಟೀಲು, ವೀಣೆ, ತಂಬೂರಿ, ಮೃದಂಗ, ತಬಲ ಎಲ್ಲವೂ ಅಲ್ಲಿ ಪರೀಕ್ಷೆಗೆ ಒಳಗಾದವು. 1917ರಲ್ಲಿ ಕೈತುಂಬಾ ಸಂಬಳದ ಸರ್ಕಾರಿ ಹುದ್ದೆ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1920ರಲ್ಲಿ ರಾಮನ್ ಮತ್ತು ಶಿವಕಾಳಿ ಕುಮಾರ್ ಪ್ರಕಟಿಸಿದ ಶೋಧ ಇಂದಿಗೂ ಸೊಗಸು. ಸಾಮಾನ್ಯ ಡೋಲಿನ ಚರ್ಮವನ್ನು ಬಾರಿಸಿದರೆ ಹೊರಡುವ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ, ಅದಕ್ಕೇ ಅದು ಬರೀ ಸದ್ದು. ಮೃದಂಗ, ತಬಲಗಳ ಚರ್ಮದ ನಡುವೆ ಮೆತ್ತಿದ ಕಪ್ಪು ಲೇಪ ಆ ಕಂಪನಗಳನ್ನು ಒಂದು, ಎರಡು, ಮೂರು, ನಾಲ್ಕು ಎಂಬ ಸರಳ ಅನುಪಾತಕ್ಕೆ ತರುತ್ತದೆ. ಈ ಕ್ರಮ ಸಿಕ್ಕ ಕೂಡಲೇ ಕೇಳುವ ಮನಸ್ಸು ಅದನ್ನು ಗದ್ದಲವೆನ್ನದೆ ಶ್ರುತಿ ಎಂದು ಗುರುತಿಸುತ್ತದೆ. ನಮ್ಮ ವಾದ್ಯ ತಯಾರಕರು ತಲೆಮಾರುಗಳಿಂದ ಕಿವಿಯಿಂದಲೇ ಕಂಡುಕೊಂಡಿದ್ದಕ್ಕೆ ರಾಮನ್ ಲೆಕ್ಕ ಹಾಕಿ ಕಾರಣ ಕೊಟ್ಟರು.

ಮುಂಬೈ ಬಂದರಿನಲ್ಲಿ ಬರೆದ ಟಿಪ್ಪಣಿ

1921ರಲ್ಲಿ ರಾಮನ್ ಮೊದಲ ಬಾರಿ ಇಂಗ್ಲೆಂಡಿಗೆ ಹೋದರು. ವಾಪಸಾಗುವಾಗ ನರ್ಕುಂಡಾ ಹಡಗಿನ ಮೇಲಿಂದ ಮೆಡಿಟರೇನಿಯನ್ ಕಡಲಿನ ಕಡುನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಕಡಲಿನ ನೀಲಿ ಎಂದರೆ ಆಕಾಶದ ಪ್ರತಿಬಿಂಬ ಎಂದು ಲಾರ್ಡ್ ರೇಲಿ ಅವರಂಥ ದೊಡ್ಡವರೇ ಹೇಳಿದ್ದ ಕಾಲ. ರಾಮನ್ ಬಳಿ ಇದ್ದದ್ದು ಜೇಬಿನಲ್ಲಿಟ್ಟುಕೊಳ್ಳುವಷ್ಟು ಚಿಕ್ಕ ನಿಕೋಲ್ ಪಟ್ಟಕ. ಅದರ ಮೂಲಕ ನೋಡಿ ನೀರಿನ ಮೇಲ್ಮೈಯಿಂದ ಬರುವ ಪ್ರತಿಫಲನವನ್ನು ಅಡಗಿಸಿದರು. ಆದರೂ ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ಅಂದರೆ ಬಣ್ಣ ಬರುತ್ತಿದ್ದುದು ನೀರಿನ ಒಳಗಿನಿಂದ!

ಹಡಗು ಮುಂಬೈ ಬಂದರು ತಲುಪುವ ಹೊತ್ತಿಗೆ ಟಿಪ್ಪಣಿ ಸಿದ್ಧವಾಗಿತ್ತು. ನೇಚರ್ ಪತ್ರಿಕೆಗೆ ಹೋದ ಆ ಪತ್ರದ ಕೆಳಗೆ ಇರುವುದು ಮುಂಬೈ ಬಂದರಿನ ವಿಳಾಸ, ಸೆಪ್ಟೆಂಬರ್ 26ರ ದಿನಾಂಕ. ಬದಲಾಪುರ, ಕಲ್ಯಾಣ, ಡೊಂಬಿವಲಿಯಿಂದ ಲೋಕಲ್ ರೈಲು ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿಯುವ ನಮ್ಮ ಕನ್ನಡಿಗರು ಇನ್ನೊಮ್ಮೆ ಬಂದರಿನ ಕಡೆ ಹೋದಾಗ ಇದನ್ನು ನೆನಪಿಸಿಕೊಳ್ಳಬಹುದು. 1928ರ ಶೋಧಕ್ಕೆ ದಾರಿ ತೆರೆದ ಪ್ರಶ್ನೆ ಕಾಗದಕ್ಕಿಳಿದು ಹೊರಟದ್ದು ಇಲ್ಲಿಂದಲೇ.

ಬೆಂಗಳೂರಿನ ತೋಟ, ಹೊಸ ಪ್ರಶ್ನೆ

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಆಡಳಿತದ ತಿಕ್ಕಾಟದ ನಡುವೆ 1937ರಲ್ಲಿ ಆ ಹುದ್ದೆ ಬಿಟ್ಟರು. 1948ರವರೆಗೆ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಬಳಿಕ ಮೈಸೂರು ಮಹಾರಾಜರು ನೀಡಿದ್ದ ಜಮೀನಿನಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯೇ ಅವರ ಮನೆ, ಮಠ ಎಲ್ಲವೂ ಆಯಿತು. ಅಲ್ಲಿ ಖನಿಜಗಳು, ವಜ್ರಗಳು, ಚಿಟ್ಟೆಗಳು, ಹಕ್ಕಿ ಗರಿಗಳ ಸಂಗ್ರಹ ಇತ್ತು. ಹೊರಗೆ ತೋಟದ ತುಂಬ ಹೂ.

1954ರಲ್ಲಿ ಭಾರತ ರತ್ನ ಬಂತು. ವಯಸ್ಸು 70 ದಾಟಿತು. ಬೇರೆಯವರಾಗಿದ್ದರೆ ಸನ್ಮಾನಗಳಲ್ಲಿ ದಿನ ಕಳೆಯುತ್ತಿದ್ದರು. ರಾಮನ್ ಮಾತ್ರ ಕೈಯಲ್ಲಿ ಪುಟ್ಟ ರೋಹಿತದರ್ಶಕ ಹಿಡಿದು ಗುಲಾಬಿ ಗಿಡದ ಮುಂದೆ ನಿಂತರು.

ರೋಹಿತದರ್ಶಕದಲ್ಲಿ ನೋಡಿದರೆ ಒಂದು ಹೂ ಯಾವ ಬಣ್ಣದ ಬೆಳಕನ್ನು ನುಂಗಿದೆ, ಯಾವುದನ್ನು ವಾಪಸು ಕಳಿಸಿದೆ ಎಂಬುದು ಕಾಣುತ್ತದೆ. ಹೂ ಕಳಿಸುವುದು ಹಲವು ಬಣ್ಣಗಳ ಬೆರಕೆಯನ್ನು. ಮನಸ್ಸು ಕಾಣುವುದು ಒಂದೇ ಬಣ್ಣವನ್ನು. ನಡುವೆ ಏನಾಗುತ್ತದೆ? ಇದೇ ಅವರ ಪ್ರಶ್ನೆ. ರೋಹಿತದ ಹಳದಿ ಭಾಗ ಇದೆಯೋ ಇಲ್ಲವೋ ಎಂಬುದರ ಮೇಲೆ ಹೂವಿನ ಬಣ್ಣ ಬಹಳ ಮಟ್ಟಿಗೆ ನಿಂತಿದೆ ಎಂದು ಅವರು ಗಮನಿಸಿದರು. ಹಳದಿ ಎಂಬುದು ಕೆಂಪು, ಹಸಿರಿನ ಮಿಶ್ರಣದ ಫಲವಲ್ಲ, ಅದು ತಾನೇ ಒಂದು ಸ್ವತಂತ್ರ ಸಂವೇದನೆ ಎಂಬ ತೀರ್ಮಾನಕ್ಕೆ ಬಂದರು.

ಕಣ್ಣು ಮುಚ್ಚಿದರೂ ಉಳಿಯುವ ಚಿತ್ರ

ಅವರ ಪ್ರಯೋಗ ಸರಳವಾಗಿತ್ತು. ಪ್ರಖರ ಬೆಳಕು ಬಿದ್ದ ಬಿಳಿ ಪರದೆಯ ಮುಂದೆ ಕೂರುವುದು. ಕಣ್ಣಿಗೆ ಬಣ್ಣದ ಗಾಜು ಹಿಡಿದು ಪರದೆಯ ಒಂದು ಬಿಂದುವನ್ನು ಕದಲದೆ ನೋಡುವುದು. ಸ್ವಲ್ಪ ಹೊತ್ತಿನ ನಂತರ ಗಾಜನ್ನು ತಟ್ಟನೆ ತೆಗೆಯುವುದು. ಆಗ ಖಾಲಿ ಪರದೆಯ ಮೇಲೆ ಕ್ಷಣಕಾಲ ಬಣ್ಣಬಣ್ಣದ ಒಂದು ಆಕೃತಿ ಮೂಡಿ ಮಾಯವಾಗುತ್ತದೆ. ಅದು ತನ್ನದೇ ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂದಿನ ಪರದೆಯ, ಹಿಗ್ಗಿದ ಚಿತ್ರ ಎಂದು ರಾಮನ್ ಅರ್ಥೈಸಿದರು. ಗಾಜು ಬದಲಿಸಿದಂತೆ ಚಿತ್ರವೂ ಬದಲಾಗುತ್ತಿತ್ತು.

ಇದರ ಸಣ್ಣ ರೂಪವನ್ನು ನೀವೂ ನೋಡಬಹುದು. ಬಿಳಿ ಕಾಗದದ ಮೇಲೆ ದೊಡ್ಡದೊಂದು ಕುಂಕುಮದ ಬೊಟ್ಟು ಇಟ್ಟು ಅರ್ಧ ನಿಮಿಷ ಕಣ್ಣು ಕದಲಿಸದೆ ನೋಡಿ. ನಂತರ ಬಿಳಿ ಗೋಡೆಯತ್ತ ತಿರುಗಿ. ಅಲ್ಲಿ ನೀಲಿ-ಹಸಿರು ಬೊಟ್ಟೊಂದು ತೇಲುತ್ತದೆ. ಕೆಂಪಿಗೆ ಹೆಚ್ಚು ಸ್ಪಂದಿಸುವ ಕೋಶಗಳು ದಣಿದಿರುವುದರಿಂದ ಉಳಿದವುಗಳ ಮಾತೇ ಮೇಲಾಗುತ್ತದೆ. ವಸ್ತು ಹೋದರೂ ಅದರ ಗುರುತು ಇಂದ್ರಿಯದಲ್ಲಿ ತುಸು ಹೊತ್ತು ನಿಲ್ಲುತ್ತದೆ.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಮನಃಶಾಸ್ತ್ರಜ್ಞ ಜಾರ್ಜ್ ಸ್ಪರ್ಲಿಂಗ್ ಇನ್ನೊಂದು ತುದಿಯಿಂದ ಹೊರಟಿದ್ದರು. 1960ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಮೂರು ಸಾಲಿನ 12 ಅಕ್ಷರಗಳನ್ನು ಸೆಕೆಂಡಿನ 20ನೇ ಒಂದು ಭಾಗದಷ್ಟು ಹೊತ್ತು ಮಿಂಚಿಸಲಾಗುತ್ತಿತ್ತು. ನೋಡಿದವರಿಗೆ ಹೇಳಲು ಆಗುತ್ತಿದ್ದುದು ನಾಲ್ಕೈದು ಅಕ್ಷರ ಮಾತ್ರ. ಆದರೆ ಅಕ್ಷರ ಮಾಯವಾದ ಕೂಡಲೇ ಒಂದು ನಾದದ ಮೂಲಕ ಯಾವ ಸಾಲು ಬೇಕು ಎಂದು ಸೂಚಿಸಿದರೆ, ಆ ಸಾಲಿನ ಬಹುಪಾಲು ಹೇಳುತ್ತಿದ್ದರು. ಅಂದರೆ ಇಡೀ ಚಿತ್ರ ಮನಸ್ಸಿನಲ್ಲಿ ಕ್ಷಣಕಾಲ ಇರುತ್ತದೆ, ಹೇಳಿ ಮುಗಿಸುವ ಮುನ್ನ ಅಳಿಸಿಹೋಗುತ್ತದೆ. ಸೂಚನೆ ಒಂದು ಸೆಕೆಂಡ್ ತಡವಾದರೂ ಆ ಲಾಭ ಇಲ್ಲ. ಸ್ಪರ್ಲಿಂಗ್ ಅಳೆದ ಈ ಕ್ಷಣಿಕ ನೆನಪೂ ರಾಮನ್ ಪರದೆಯ ಮೇಲೆ ಕಂಡ ಆಕೃತಿಯೂ ಒಂದೇ ಅಲ್ಲ. ಆದರೆ ನೋಟ ಎಂಬುದು ಬೆಳಕು ನಿಂತ ಕೂಡಲೇ ಮುಗಿಯುವುದಿಲ್ಲ ಎಂಬುದನ್ನು ಎರಡೂ ತೋರಿಸುತ್ತವೆ.

ಗುರುವಿನ ವಿರುದ್ಧವೇ ನಿಂತಾಗ

1968ರಲ್ಲಿ ರಾಮನ್ ತಮ್ಮ ಕೆಲಸವನ್ನೆಲ್ಲ ದೃಷ್ಟಿಯ ಶರೀರಶಾಸ್ತ್ರ ಕುರಿತ ಇಂಗ್ಲಿಷ್ ಪುಸ್ತಕವಾಗಿ ಹೊರತಂದರು. ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿವೆ, ಎಲ್ಲ ಬಣ್ಣಗಳೂ ಅವುಗಳ ಹೆಚ್ಚುಕಡಿಮೆ ಸ್ಪಂದನದಿಂದಲೇ ಮೂಡುತ್ತವೆ ಎಂಬ ಸಿದ್ಧಾಂತವನ್ನು ಅವರು ಪೂರ್ತಿ ತಳ್ಳಿಹಾಕಿದ್ದರು. ಆ ಸಿದ್ಧಾಂತ ಕಟ್ಟಿದವರು ಇಂಗ್ಲೆಂಡಿನ ಥಾಮಸ್ ಯಂಗ್ ಮತ್ತು ಬೇರೆ ಯಾರೂ ಅಲ್ಲ, ಹದಿಹರೆಯದಲ್ಲಿ ರಾಮನ್ ಗುರುವಿನಂತೆ ಕಂಡ ಅದೇ ಹೆಲ್ಮ್‌ಹೋಲ್ಟ್ಸ್.

ಆದರೆ ಕಾಲ ರಾಮನ್ ಕಡೆ ಇರಲಿಲ್ಲ. 1964ರಲ್ಲೇ ಅಮೆರಿಕದ ಎರಡು ತಂಡಗಳು ಕಣ್ಣಿನ ಒಂದೊಂದೇ ಶಂಕುಕೋಶದ ಮೇಲೆ ಬೆಳಕು ಹಾಯಿಸಿ ಅಳೆದಿದ್ದವು. ಮನುಷ್ಯನ ಕಣ್ಣಿನಲ್ಲಿ ಮೂರು ಬಗೆಯ ಶಂಕುಕೋಶಗಳಿರುವುದು ಕಂಡುಬಂತು. ಅದರಲ್ಲಿ ಒಂದು ತಂಡದ ಜಾರ್ಜ್ ವಾಲ್ಡ್ ಅವರಿಗೆ ದೃಷ್ಟಿಯ ಸಂಶೋಧನೆಗಾಗಿ 1967ರ ನೊಬೆಲ್ ಕೂಡ ಸಂದಿತು. ರಾಮನ್ ವಾದವನ್ನು ವಿಜ್ಞಾನಲೋಕ ಒಪ್ಪಲಿಲ್ಲ. ಪರದೆಯ ಮೇಲಿನ ಆಕೃತಿಗೂ ದಣಿದ ಕೋಶಗಳು, ಕಣ್ಣಿನ ನಡುಭಾಗದ ಹಳದಿ ವರ್ಣದ್ರವ್ಯ ಎಂಬ ಸರಳ ವಿವರಣೆ ಇದೆ.

ಹಾಗಾದರೆ ಹತ್ತು ವರ್ಷ ವ್ಯರ್ಥವಾಯಿತೇ? ಹಾಗೆನ್ನಲಾಗದು. ಕೋಶಗಳು ಮೂರೇ ಬಗೆಯಾದರೂ ನಮಗೆ ಹಳದಿ ಎಂದೂ ಕೆಂಪು-ಹಸಿರಿನ ಬೆರಕೆಯಾಗಿ ಕಾಣುವುದಿಲ್ಲ ಎಂಬುದು ನಿಜ. ಕೋಶಗಳಿಂದ ಹೊರಟ ಸಂಕೇತಗಳನ್ನು ನರಮಂಡಲ ಕೆಂಪು-ಹಸಿರು, ಹಳದಿ-ನೀಲಿ ಎಂಬ ಎದುರಾಳಿ ಜೋಡಿಗಳಾಗಿ ಮತ್ತೆ ಕಟ್ಟುತ್ತದೆ ಎಂಬುದು ಇಂದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ರಾಮನ್ ಕಂಡದ್ದು ಸರಿಯಿತ್ತು, ಅದಕ್ಕೆ ಕೊಟ್ಟ ಕಾರಣ ತಪ್ಪಿತ್ತು. ಕಡಲಿನ ನೀಲಿಯ ವಿಷಯದಲ್ಲಿ ದೊಡ್ಡವರ ಮಾತು ನಂಬದೆ ಸ್ವಂತ ಕಣ್ಣು ನಂಬಿದ್ದು ಅವರಿಗೆ ನೊಬೆಲ್‌ವರೆಗಿನ ದಾರಿ ತೋರಿತು. ಬಣ್ಣದ ವಿಷಯದಲ್ಲಿ ಅದೇ ಗುಣ ಅವರನ್ನು ಒಂಟಿಯಾಗಿಸಿತು.

ಕೊನೆಯ ಉಪನ್ಯಾಸ

ಕಣ್ಣಿನ ಪುಸ್ತಕ ಮುಗಿದ ಮೇಲೂ ಅವರು ಸುಮ್ಮನಿರಲಿಲ್ಲ. 1970ರ ಅಕ್ಟೋಬರ್ 2ರಂದು ತಮ್ಮ ಸಂಸ್ಥೆಯಲ್ಲಿ ಗಾಂಧಿ ಸ್ಮಾರಕ ಉಪನ್ಯಾಸ ನೀಡಿದರು. ವಿಷಯ ಕಿವಿ ಮತ್ತು ಶ್ರವಣ. ಹೆಲ್ಮ್‌ಹೋಲ್ಟ್ಸ್ ಪುಸ್ತಕದೊಂದಿಗೆ ಹುಡುಗನಾಗಿದ್ದಾಗ ಶುರುವಾದ ಪ್ರಶ್ನೆಗೆ 81ರ ವಯಸ್ಸಿನಲ್ಲಿ ಮರಳಿದ್ದರು.

ಅದೇ ಅವರ ಕೊನೆಯ ಉಪನ್ಯಾಸವಾಯಿತು. ಆ ತಿಂಗಳ ಕೊನೆಗೆ ಪ್ರಯೋಗಾಲಯದಲ್ಲೇ ಕುಸಿದರು. ಆಸ್ಪತ್ರೆಯಿಂದ ಹಟ ಹಿಡಿದು ಸಂಸ್ಥೆಗೆ ಮರಳಿದರು, ತಮ್ಮ ಹೂಗಳ ನಡುವೆಯೇ ಕಣ್ಣು ಮುಚ್ಚಬೇಕೆಂಬುದು ಅವರ ಆಸೆಯಾಗಿತ್ತು. 1970ರ ನವೆಂಬರ್ 21ರಂದು ಅವರು ತೀರಿಕೊಂಡರು. ಅಂತ್ಯಸಂಸ್ಕಾರ ನಡೆದದ್ದೂ ಆ ತೋಟದಲ್ಲೇ. ಅಲ್ಲಿ ಗೋರಿ ಇಲ್ಲ, ಪ್ರತಿಮೆ ಇಲ್ಲ. ಅವರ ಇಚ್ಛೆಯಂತೆ ಒಂದು ಮರ ನಿಂತಿದೆ.