ಡಾ. ಜಾರ್ಜ್ ಪಾಪಾನಿಕೊಲಾವ್: ಗಾಜಿನ ಪಟ್ಟಿಯ ಮೇಲೆ ಕ್ಯಾನ್ಸರ್ ಕಂಡವರು

ಗ್ರೀಸ್ ದೇಶದ ಎವಿಯಾ ದ್ವೀಪದಲ್ಲಿ ಕಿಮಿ ಎಂಬ ಸಣ್ಣ ಊರಿದೆ. ಜಾರ್ಜ್ ಪಾಪಾನಿಕೊಲಾವ್ ಅಲ್ಲಿ 1883ರ ಮೇ 13ರಂದು ಜನಿಸಿದರು. ತಂದೆ ಊರಿನ ವೈದ್ಯರು, ಪುರಸಭೆಯ ಅಧ್ಯಕ್ಷರೂ ಆಗಿದ್ದವರು. ಮಗನೂ ತನ್ನಂತೆ ವೈದ್ಯನಾಗಲಿ ಎಂಬುದು ಅವರ ಆಸೆ. ಜಾರ್ಜ್ 1904ರಲ್ಲಿ ಅಥೆನ್ಸ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿಯನ್ನೇನೋ ಪಡೆದರು, ಆದರೆ ಮನಸ್ಸು ಸಂಶೋಧನೆಯ ಕಡೆ ವಾಲಿತ್ತು. ಜರ್ಮನಿಗೆ ಹೋಗಿ 1910ರಲ್ಲಿ ಮ್ಯೂನಿಕ್‌ನಲ್ಲಿ ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಗಳಿಸಿದರು. ಅದೇ ವರ್ಷ ಸೇನಾಧಿಕಾರಿಯೊಬ್ಬರ ಮಗಳು ಆಂಡ್ರೊಮಾಕಿಯವರನ್ನು ವಿವಾಹವಾದರು. ಮುಂದೆ ಅಮೆರಿಕದಲ್ಲಿ ಮೇರಿ ಎಂದು ಹೆಸರಾದವರು ಇವರೇ.

1913ರಲ್ಲಿ ದಂಪತಿಗಳು ನ್ಯೂಯಾರ್ಕ್‌ಗೆ ಹಡಗಿನಲ್ಲಿ ಬಂದಿಳಿದಾಗ ಕೈಯಲ್ಲಿ ಹೆಚ್ಚು ಹಣವಿರಲಿಲ್ಲ, ಇಂಗ್ಲಿಷ್ ಬಾರದು. ಎರಡು ಪದವಿ ಪಡೆದ ಡಾಕ್ಟರು ಅಂಗಡಿಯಲ್ಲಿ ರತ್ನಗಂಬಳಿ ಮಾರಲು ನಿಲ್ಲಬೇಕಾಯಿತು. ಪತ್ನಿ ಗುಂಡಿ ಹೊಲಿಯುವ ಕೆಲಸ ಹಿಡಿದರು. ಹೊಟ್ಟೆಪಾಡಿಗೆ ಪರವೂರಿಗೆ ಹೋದವರಿರುವ ನಮ್ಮ ಮನೆಗಳಿಗೆ ಈ ಕಷ್ಟ ಹೊಸದೇನಲ್ಲ. 1914ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಸುಮಾರು ಅರ್ಧ ಶತಮಾನ ಅವರ ಸಂಶೋಧನೆ ಅಲ್ಲಿಯೇ ನಡೆಯಿತು.

ಮೊದಲ ಪ್ರಯೋಗಗಳು ಗಿನಿಯಿಲಿಗಳ ಮೇಲೆ. ಅಂಡಾಣು ಬಿಡುಗಡೆಯಾಗುವ ಸಮಯವನ್ನು ಇಲಿಯನ್ನು ಕೊಲ್ಲದೆ ತಿಳಿಯುವುದು ಹೇಗೆ? ಯೋನಿಯ ದ್ರವವನ್ನು ಸ್ವಲ್ಪ ತೆಗೆದು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ದಿನದಿಂದ ದಿನಕ್ಕೆ ಜೀವಕೋಶಗಳ ರೂಪ ಬದಲಾಗುವುದು ಕಂಡಿತು. ಈ ವರದಿ 1917ರಲ್ಲಿ ಪ್ರಕಟವಾಯಿತು. ಬಳಿಕ ಮನುಷ್ಯರಲ್ಲಿ ಇದೇ ಪರೀಕ್ಷೆ ಮಾಡಬೇಕೆಂದಾಗ ಮುಂದೆ ಬಂದವರು ಮೇರಿ. ವರ್ಷಗಟ್ಟಲೆ ಅವರು ಪರೀಕ್ಷೆಗೆ ಒಳಗಾದರು, ಸಂಬಳವಿಲ್ಲದೆ ಪ್ರಯೋಗಾಲಯದಲ್ಲೂ ದುಡಿದರು. ಈ ಸಂಶೋಧನೆಯ ಅರ್ಧ ಕೀರ್ತಿ ಆಕೆಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಇತರ ಮಹಿಳೆಯರ ಮಾದರಿಗಳನ್ನು ನೋಡುತ್ತಿದ್ದಾಗ ಗರ್ಭಕಂಠದ ಕ್ಯಾನ್ಸರ್ ಕೋಶಗಳು ಅವರ ಕಣ್ಣಿಗೆ ಬಿದ್ದವು. 1928ರಲ್ಲಿ ಮಿಷಿಗನ್‌ನ ಬ್ಯಾಟಲ್ ಕ್ರೀಕ್‌ನ ಸಮ್ಮೇಳನದಲ್ಲಿ ವಿಷಯ ಮಂಡಿಸಿದರೆ ಯಾರೂ ಕಿವಿಗೊಡಲಿಲ್ಲ. ಮಾಂಸದ ತುಣುಕು ಕತ್ತರಿಸಿ ನೋಡುವ ಕ್ರಮ ಇರುವಾಗ ಇದೇಕೆ ಎಂಬುದು ವೈದ್ಯರ ಪ್ರಶ್ನೆ. ರುಮೇನಿಯಾದ ಆರೆಲ್ ಬಾಬೆಷ್ ಎಂಬವರೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಇಂಥದೇ ವಿಧಾನವನ್ನು ಸ್ವತಂತ್ರವಾಗಿ ಕಂಡುಹಿಡಿದಿದ್ದರು. ಪಾಪಾನಿಕೊಲಾವ್ ಹತ್ತು ವರ್ಷಕ್ಕೂ ಹೆಚ್ಚು ಕಾದರು. ಸ್ತ್ರೀರೋಗತಜ್ಞ ಹರ್ಬರ್ಟ್ ಟ್ರಾಟ್ ಜೊತೆ 1941ರಲ್ಲಿ ಲೇಖನ, 1943ರಲ್ಲಿ ಗ್ರಂಥ ಹೊರತಂದ ಮೇಲೆಯೇ ಲೋಕ ಒಪ್ಪಿತು. ಅದೇ ಇಂದಿನ ಪ್ಯಾಪ್ ಪರೀಕ್ಷೆ. ಕ್ಯಾನ್ಸರ್ ಆಗುವ ಎಷ್ಟೋ ವರ್ಷ ಮೊದಲೇ ಕೋಶಗಳು ಕೆಡತೊಡಗುವುದರಿಂದ, ಆಗಲೇ ಪತ್ತೆಯಾದರೆ ಸಣ್ಣ ಚಿಕಿತ್ಸೆಯಲ್ಲಿ ಗುಣವಾಗುತ್ತದೆ. ಅಮೆರಿಕದಲ್ಲಿ ಈ ರೋಗದ ಸಾವು ಅರ್ಧಕ್ಕಿಂತ ಹೆಚ್ಚು ಇಳಿಯಿತು.

ರೋಗಕ್ಕೆ ಮೂಲ ಕಾರಣ ಮಾತ್ರ ಅವರ ಜೀವಿತಕಾಲದಲ್ಲಿ ತಿಳಿಯಲಿಲ್ಲ. ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನ 16ನೇ ಬಗೆಯನ್ನು ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ತಂಡ 1983ರಲ್ಲಿ ಗುರುತಿಸಿತು. ಅವರಿಗೆ 2008ರಲ್ಲಿ ನೊಬೆಲ್ ಬಂತು. ಲಸಿಕೆ 2006ರಲ್ಲೇ ಬಂದಿತ್ತು. ಭಾರತದಲ್ಲೇ ತಯಾರಾದ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಒಂಬತ್ತು ವರ್ಷ ತುಂಬಿದ ಹೆಣ್ಣುಮಕ್ಕಳಿಗೆ ಇದನ್ನು ಕೊಡಬಹುದು.

ನಮ್ಮ ದೇಶದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಕಾಣುವುದು ಇದೇ. ಸಿರಿಮನೆ, ಕಿಗ್ಗದಂಥ ಊರುಗಳ ತಾಯಂದಿರು ಸಂಕೋಚದಿಂದ ರಕ್ತಸ್ರಾವವನ್ನು ತಿಂಗಳುಗಟ್ಟಲೆ ಮುಚ್ಚಿಟ್ಟು, ಕೊನೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ದಾರಿ ಹಿಡಿಯುವುದುಂಟು. (ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಹೊತ್ತ ಸಂಸ್ಥೆ ಅದು.) ಹಯಾ ನಮ್ಮ ಈಮಾನಿನ ಭಾಗ, ನಿಜ. ಆದರೆ ಚಿಕಿತ್ಸೆ ಪಡೆಯಬಾರದೆಂದು ದೀನ್ ಎಲ್ಲಿಯೂ ಹೇಳಿಲ್ಲ. ಮಹಿಳಾ ವೈದ್ಯರಿಂದಲೇ ಪರೀಕ್ಷೆ ಮಾಡಿಸಿಕೊಳ್ಳಲು ಕೇಳಬಹುದು. ಮೂವತ್ತು ದಾಟಿದ ಅಮ್ಮ, ಖಾಲಾ, ಭಾಭಿಯರಿಗೆ ಓದಿದ ಹೆಣ್ಣುಮಕ್ಕಳು ಇದನ್ನು ತಿಳಿಸಬೇಕು.

ಪಾಪಾನಿಕೊಲಾವ್ ಅವರಿಗೆ ನೊಬೆಲ್ ಸಿಗಲಿಲ್ಲ. 1950ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಗ್ರೀಸ್ ತನ್ನ ಹತ್ತು ಸಾವಿರ ದ್ರಾಖ್ಮಾ ನೋಟಿನ ಮೇಲೆ ಅವರ ಚಿತ್ರ ಮುದ್ರಿಸಿತ್ತು. 1961ರಲ್ಲಿ ಮಿಯಾಮಿಯ ಕ್ಯಾನ್ಸರ್ ಸಂಸ್ಥೆಯ ಹೊಣೆ ಹೊತ್ತು ಹೋದವರು ಕೆಲವೇ ತಿಂಗಳಲ್ಲಿ, 1962ರ ಫೆಬ್ರವರಿ 19ರಂದು ತೀರಿಕೊಂಡರು. ಮೇರಿ ಅವರು ಪತಿಯ ಹೆಸರನ್ನೇ ಪಡೆದ ಆ ಸಂಸ್ಥೆಯ ಕೆಲಸವನ್ನು ಮುಂದುವರಿಸಿದರು.