ಮಂಗನ ಕಾಯಿಲೆಯ ಜಾಡು ಹಿಡಿದ ಟೆಲ್‌ಫೋರ್ಡ್ ವರ್ಕ್

ಶಿವಮೊಗ್ಗ, ಭದ್ರಾವತಿ ಪೇಟೆಗಳಲ್ಲಿ ಮಾಡಿನ ಮೇಲೆ ಮಂಗ ಕಂಡರೂ ಮಂಗನ ಕಾಯಿಲೆ ಬಂದೀತೆಂದು ಹೆದರುವವರಿದ್ದಾರೆ. ಈ ಹೆದರಿಕೆ ಎಷ್ಟು ಸರಿ? ಉತ್ತರಕ್ಕಾಗಿ ನಾವು ಟೆಲ್‌ಫೋರ್ಡ್ ವರ್ಕ್ ಅವರ ಬದುಕಿನತ್ತ ನೋಡಬೇಕು.

1921ರಲ್ಲಿ ಅಮೆರಿಕದಲ್ಲಿ ಹುಟ್ಟಿದ ವರ್ಕ್ ವೈದ್ಯರು, ಜೊತೆಗೆ ಹಕ್ಕಿಗಳ ಹುಚ್ಚಿನವರು. ರಾಕ್‌ಫೆಲರ್ ಪ್ರತಿಷ್ಠಾನದ ಪರವಾಗಿ ಈಜಿಪ್ಟಿನಲ್ಲಿ ವೆಸ್ಟ್ ನೈಲ್ ವೈರಸ್ ಕುರಿತು ದುಡಿದು, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ನಿರ್ದೇಶಕರಾದರು.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು. ಹಳ್ಳಿಗರೂ ಜ್ವರಕ್ಕೆ ಬಲಿಯಾದರು. ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ಏಷ್ಯಾಕ್ಕೂ ಬಂತೇ ಎಂಬ ದಿಗಿಲು ಹುಟ್ಟಿತು. ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿ ಮೊದಲೇ ಇತ್ತಲ್ಲ!

ವರ್ಕ್ ಮತ್ತು ತಂಡ ಸತ್ತ ಮಂಗದಿಂದ ವೈರಸ್ ಬೇರ್ಪಡಿಸಿತು. ಅದು ಹಳದಿ ಜ್ವರದ್ದಲ್ಲ, ರಷ್ಯಾದಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ನೆಂಟ. ಹಾಗಾಗಿ ಎಲ್ಲರ ಕಣ್ಣು ಸೊಳ್ಳೆ ಬಿಟ್ಟು ಉಣುಗಿನತ್ತ ಹೊರಳಿತು. ವೈರಸ್ ಅದರಲ್ಲೂ ಸಿಕ್ಕಿತು. ಮಂಗವೂ ನಮ್ಮಂತೆ ಈ ಕಾಯಿಲೆಗೆ ಬಲಿಯಾಗುವ ಪ್ರಾಣಿ. ಅದು ಸತ್ತಾಗ ಮೈಮೇಲಿನ ಉಣುಗುಗಳು ನೆಲಕ್ಕುದುರುತ್ತವೆ, ಅಪಾಯವಿರುವುದು ಅಲ್ಲಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ ಎನ್ನುವುದೂ ಇದಕ್ಕೇ.

ವಲಸೆ ಹಕ್ಕಿಗಳು ವೈರಸ್ ತಂದಿರಬಹುದೆಂಬ ವರ್ಕ್ ಅವರ ಊಹೆ ಮಾತ್ರ ಸಾಬೀತಾಗಲಿಲ್ಲ. ಆದರೂ ಅದರ ನೆಪದಲ್ಲಿ ಸಲೀಂ ಅಲಿಯವರ ತಂಡ ಸಾವಿರಾರು ಹಕ್ಕಿಗಳಿಗೆ ಉಂಗುರ ತೊಡಿಸಿತು, ನಮಗೆ ಅದೇ ಲಾಭ!

ಮುಂದೆ ಅಮೆರಿಕದ ಸಿಡಿಸಿಯಲ್ಲಿ, ಬಳಿಕ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ದುಡಿದ ವರ್ಕ್ 1995ರಲ್ಲಿ ತೀರಿಕೊಂಡರು. ಕಾಯಿಲೆ ಮಲೆನಾಡಿನಲ್ಲಿ ಇನ್ನೂ ಇದೆ. ಸೌದೆ, ದರಗು ತರಲು ಕಾಡಿಗೆ ಹೋಗುವವರಿಗೆ ಇಲಾಖೆ ಹಂಚುವ ಡೇಪಾ ಎಣ್ಣೆ ಉಣುಗನ್ನು ದೂರವಿಡಲೆಂದೇ.