ಹಳ್ಳಿ ಬಾಗಿಲಿಗೇ ಆಸ್ಪತ್ರೆ ತಂದ ಕಣ್ಣಿನ ಡಾಕ್ಟರ್ ಎಂ.ಸಿ. ಮೋದಿ

ಕಮಲಾಪುರ: ಮಹಾಗಾಂವ ಕ್ರಾಸ್‌ನಲ್ಲಿ ಬೆಳಗ್ಗೆ ಕಲಬುರಗಿ ಬಸ್ಸಿಗೆ ಕಾಯೋ ಮಂದಿಯಲ್ಲಿ ಒಬ್ಬರಾದರೂ ವಯಸ್ಸಾದವರು ಮಗನ ಕೈ ಹಿಡಿದು ನಿಂತಿರ್ತಾರೆ. ಕಣ್ಣು ತೋರಿಸಲಿಕ್ಕೆ ಹೊರಟವರು. ಕಣ್ಣಿಗೆ ಪೊರೆ ಬಂದವರು ಒಬ್ಬರೇ ಹೋಗೋ ಹಾಗಿಲ್ಲ, ಜೊತೆಗೆ ಹೋದವರ ಕೂಲಿಯೂ ಹೋಯ್ತು. ತೊಗರಿ ರಾಶಿ ಹೊತ್ತಿನಲ್ಲಂತೂ ಕೇಳೋದೇ ಬೇಡ, ಮುಂದಿನ ತಿಂಗಳು ನೋಡೋಣ ಅಂತ ವರ್ಷವೇ ಕಳೀತದೆ. ಈ ತೊಡಕನ್ನು ಎಂಬತ್ತು ವರ್ಷದ ಹಿಂದೆಯೇ ಅರಿತ ಡಾಕ್ಟರ್ ಒಬ್ಬರಿದ್ದರು. ಈಗಿನ ಹುಡುಗರಿಗೆ ಅವರ ಹೆಸರು ಅಷ್ಟಾಗಿ ಗೊತ್ತಿಲ್ಲ.

ಮುರುಗಪ್ಪ ಚನ್ನವೀರಪ್ಪ ಮೋದಿ. ಹೆಸರು ಕೇಳಿ ಗುಜರಾತಿನವರು ಅಂದುಕೊಳ್ಳಬೇಡಿ, ಇವರು ನಮ್ಮ ಉತ್ತರ ಕರ್ನಾಟಕದ ಬೀಳಗಿಯವರು. ಆಗ ವಿಜಾಪುರ ಜಿಲ್ಲೆಯಲ್ಲಿದ್ದ ಬೀಳಗಿ ಈಗ ಬಾಗಲಕೋಟೆಗೆ ಸೇರಿದೆ. ಹುಟ್ಟಿದ್ದು 1915-16ರ ಹೊತ್ತಿಗೆ. ಕಣ್ಣಿನ ಚಿಕಿತ್ಸೆ ಕಲಿತ ಮೇಲೆ ಪಟ್ಟಣದಲ್ಲಿ ಬೋರ್ಡ್ ಹಾಕ್ಕೊಂಡು ಕೂತಿದ್ದರೆ ದುಡ್ಡಿಗೇನೂ ಕಡಿಮೆ ಇರುತ್ತಿರಲಿಲ್ಲ. ಗಾಂಧೀಜಿಯವರ ಪ್ರಭಾವಕ್ಕೆ ಸಿಕ್ಕ ಯುವಕ, ಹಳ್ಳಿ ದಾರಿ ಹಿಡಿದರು. 1943ರಿಂದ ಉಚಿತ ಕಣ್ಣಿನ ಶಿಬಿರಗಳು ಶುರುವಾದವು.

ಆ ಕಾಲದ ಸ್ಥಿತಿ ನೆನಪಿಸಿಕೊಳ್ಳಿ. ನಮ್ಮ ಭಾಗ ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ದೊಡ್ಡ ಕಾಯಿಲೆ ಅಂದರೆ ಹೈದರಾಬಾದ್, ಇಲ್ಲವೇ ಸೋಲಾಪುರ. ಕಲಬುರಗಿಗೆ ಮಹಾದೇವಪ್ಪ ರಾಂಪುರೆ ಮೆಡಿಕಲ್ ಕಾಲೇಜು ಬಂದದ್ದೇ 1963ರಲ್ಲಿ. ಕಣ್ಣಿಗೆ ಪೊರೆ ಬಂದರೆ ಅದು ಮುಪ್ಪಿನ ಪಾಲು ಅಂತ ಮೂಲೆಯಲ್ಲಿ ಕೂತವರೇ ಹೆಚ್ಚು. ಪೊರೆ ತೆಗೆದರೆ ಮತ್ತೆ ಕಾಣ್ತದೆ ಅನ್ನೋದೇ ಎಷ್ಟೋ ಊರಿಗೆ ಗೊತ್ತಿರಲಿಲ್ಲ.

ಮೋದಿಯವರ ಪದ್ಧತಿ ಹೀಗಿತ್ತು. ಊರಿನ ಶಾಲೆಯೋ ಛತ್ರವೋ ಆಸ್ಪತ್ರೆಯಾಗುತ್ತಿತ್ತು. ಊಟ, ಚಾಪೆ, ಪೆಂಡಾಲ್ ಎಲ್ಲ ಸ್ಥಳೀಯರ ಜವಾಬ್ದಾರಿ. ಇಂಥ ಶಿಬಿರಗಳ ಖರ್ಚು ಹೊತ್ತವರಲ್ಲಿ ಊರಿನ ವ್ಯಾಪಾರಸ್ಥರೇ ಮುಂದು, ಕಿರಾಣಿ ಅಂಗಡಿಯವರೂ ಅದರಲ್ಲಿದ್ದರು. ಇದನ್ನು ನಮ್ಮ ಬಜಾರಿನವರು ತಿಳಿದಿರಬೇಕು. ಟೇಬಲ್‌ಗಳು ಸಾಲಾಗಿ. ಸಹಾಯಕರು ಕಣ್ಣು ತೊಳೆದು, ಔಷಧಿ ಕೊಟ್ಟು ರೋಗಿಯನ್ನು ಸಿದ್ಧ ಮಾಡೋದು, ಡಾಕ್ಟರು ಬಂದು ಪೊರೆ ತೆಗೆದು ಪಕ್ಕದ ಟೇಬಲ್‌ಗೆ ಸರಿಯೋದು, ಹಿಂದೆಯೇ ಇನ್ನೊಬ್ಬರು ಪಟ್ಟಿ ಕಟ್ಟೋದು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ ದಾಖಲೆ ಅವರ ಹೆಸರಲ್ಲಿ ಗಿನ್ನೆಸ್ ಪುಸ್ತಕ ಸೇರಿತು. ಲೆಕ್ಕ ಹಾಕಿ ನೋಡಿ: ಇಪ್ಪತ್ನಾಲ್ಕು ತಾಸೂ ಕೂರದೆ ಮಾಡಿದರೂ ಒಂದಕ್ಕೆ ಎರಡು ನಿಮಿಷ ಸಿಗೋದಿಲ್ಲ.

ಅದೇ ದಾಖಲೆಯ ಪ್ರಕಾರ 1993ರ ಫೆಬ್ರವರಿವರೆಗೆ ಅವರು ಮಾಡಿದ ಆಪರೇಷನ್ 6,10,564. ಮುಟ್ಟಿದ ಹಳ್ಳಿ 46,120. ನೋಡಿದ ರೋಗಿಗಳು ಒಂದು ಕೋಟಿ ಇಪ್ಪತ್ತೊಂದು ಲಕ್ಷಕ್ಕೂ ಮೇಲೆ. ಸರ್ಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಕೊಟ್ಟಿತು.

ಎಲ್ಲವೂ ಚೆಂದವೇ ಇತ್ತು ಅಂತ ಬರೆದರೆ ಸುಳ್ಳಾದೀತು. ಆಗಿನ ಆಪರೇಷನ್‌ನಲ್ಲಿ ಕಣ್ಣೊಳಗೆ ಲೆನ್ಸ್ ಕೂರಿಸುತ್ತಿರಲಿಲ್ಲ. ಸೀಸೆ ತಳದಂಥ ದಪ್ಪ ಚಸ್ಮಾ ಹಾಕಲೇಬೇಕು, ಅದು ಒಡೆದರೆ ಅಜ್ಜ ಮತ್ತೆ ಕುರುಡ. ಆಪರೇಷನ್ ಆದ ಮೇಲೆ ದಿನಗಟ್ಟಲೆ ಅಲ್ಲಾಡದೆ ಮಲಗಬೇಕು. ಶಿಬಿರ ಮುಗಿದು ಡಾಕ್ಟರು ಮುಂದಿನ ಊರಿಗೆ ಹೋದ ಮೇಲೆ ಕಣ್ಣು ಕೆಂಪಾದರೆ ಯಾರನ್ನು ಕೇಳೋದು ಅನ್ನೋ ಪ್ರಶ್ನೆ ಶಿಬಿರ ಪದ್ಧತಿಗೇ ಅಂಟಿಕೊಂಡಿತ್ತು. ನಂಜಿನ ಭಯದಿಂದಲೇ ಮುಂದೆ ದೇಶದಲ್ಲೆಲ್ಲ ಶಾಲೆ, ಛತ್ರಗಳಲ್ಲಿ ಆಪರೇಷನ್ ಮಾಡೋದು ನಿಂತುಹೋಯಿತು. ಈಗ ಊರಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಯಲ್ಲೇ. ಇದು ಸರಿಯಾದ ದಾರಿಯೇ. ಆದರೆ ಕರೆದುಕೊಂಡು ಹೋಗಿ ಮನೆಗೆ ಬಿಡೋ ಗಾಡಿ ಇಲ್ಲದಿದ್ದರೆ ತಪಾಸಣೆ ಚೀಟಿ ದೇವರ ಮನೆ ಗೂಟಕ್ಕೆ ಸಿಕ್ಕಿಸಿದಲ್ಲೇ ಉಳೀತದೆ. ಮೋದಿಯವರ ಕಾಲದಲ್ಲಿ ಆ ಚೀಟಿಗೂ ಆಪರೇಷನ್‌ಗೂ ನಡುವೆ ಬಸ್ ಸ್ಟ್ಯಾಂಡ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಅದು ಸಣ್ಣ ವ್ಯತ್ಯಾಸವಲ್ಲ.

ದಾವಣಗೆರೆಯಲ್ಲಿ ಬಹಳ ಕಾಲ ನೆಲೆಸಿದ್ದ ಅವರು ನಂತರ ಬೆಂಗಳೂರಿನಲ್ಲಿ ಕಣ್ಣಿನ ಆಸ್ಪತ್ರೆ ಕಟ್ಟಿದರು. ತೀರಿಕೊಂಡದ್ದು 2005ರ ನವೆಂಬರ್ 11ರಂದು, ಅಲ್ಲಿಯೇ. ಕೆಲಸ ಹುಡುಕಿಕೊಂಡು ನಮ್ಮ ತಾಲೂಕಿನಿಂದ ಬೆಂಗಳೂರಿಗೆ ಹೋದ ಹುಡುಗರು ಮೋದಿ ಆಸ್ಪತ್ರೆ ಅನ್ನೋ ಸ್ಟಾಪಿನಲ್ಲಿ ಸಿಟಿ ಬಸ್ ಇಳಿದಿರಬಹುದು. ಆ ಹೆಸರು ಬೀಳಗಿಯ ಈ ಡಾಕ್ಟರದ್ದೇ.